ಗೋಡೆಯ ಮೇಲಿನ ಆಜ್ಞೆಗಳು, ಹಣೆಯ ಮೇಲಿನ ವಿಭೂತಿ

ಮಾನ್ಯರೇ,

ಟೆಕ್ಸಾಸಿನಿಂದ ನೀವು ಬರೆದ ಪತ್ರ ತಲುಪಿದೆ. ಮಗಳ ನಾಲ್ಕನೆಯ ತರಗತಿಯ ಗೋಡೆಗೆ ಬೈಬಲ್ಲಿನ ಹತ್ತು ಆಜ್ಞೆಗಳ ಫಲಕ ಬಂದಿದೆ ಎಂದೂ, ಅದನ್ನು ಓದಿಕೊಂಡು ಬಂದ ಮಗು ‘ನಮ್ಮ ದೇವರ ಕೋಣೆಯಲ್ಲಿ ಇರೋದೆಲ್ಲ ತಪ್ಪಾ ಅಮ್ಮಾ?’ ಎಂದು ಕೇಳಿತೆಂದೂ ಬರೆದಿದ್ದೀರಿ. ವಿಭೂತಿ ಹಚ್ಚಿ, ಇಷ್ಟಲಿಂಗ ಧರಿಸಿ ಹೈಸ್ಕೂಲಿಗೆ ಹೋಗುವ ಮಗನಿದ್ದಾನೆ; ಫಲಕಕ್ಕೆ ಆಕ್ಷೇಪ ಎತ್ತಿದರೆ ಅದೇ ನಿಯಮ ಅವನ ವಿಭೂತಿಗೂ ತಿರುಗಿಬಿದ್ದೀತೇ ಎಂಬುದು ನಿಮ್ಮ ಅಳುಕು. ಊರಿನ ಸರ್ಕಾರಿ ಶಾಲೆಯಲ್ಲಿ ದಿನವೂ ಸರಸ್ವತಿ ಪ್ರಾರ್ಥನೆ ಹೇಳಿ ಬೆಳೆದ ನಿಮಗೆ ಇದನ್ನು ಪ್ರಶ್ನಿಸುವ ಹಕ್ಕಿದೆಯೇ ಎಂಬ ಸಂಕೋಚವನ್ನೂ ಮುಚ್ಚಿಟ್ಟಿಲ್ಲ.

ಮೊದಲು ಮಗನ ವಿಷಯ. ಫಲಕ ಮತ್ತು ವಿಭೂತಿ ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗಲಾಗದು. ವಿಭೂತಿ ನಿಮ್ಮ ಮಗನ ಮಾತು, ಫಲಕ ಸರ್ಕಾರದ ಮಾತು. 1791ರಲ್ಲಿ ಅಂಗೀಕಾರವಾದ ಅಮೆರಿಕದ ಮೊದಲ ಸಂವಿಧಾನ ತಿದ್ದುಪಡಿಯು, ಸರ್ಕಾರ ಯಾವ ಧರ್ಮವನ್ನೂ ಸ್ಥಾಪಿಸಕೂಡದೆಂದೂ, ಪ್ರಜೆಯು ತನ್ನ ಧರ್ಮವನ್ನು ಆಚರಿಸುವುದಕ್ಕೆ ಅಡ್ಡಬರಕೂಡದೆಂದೂ ಒಂದೇ ಉಸಿರಿನಲ್ಲಿ ಹೇಳುತ್ತದೆ. ನಿಮ್ಮದೇ ರಾಜ್ಯದ ನೀಡ್‌ವಿಲ್ ಎಂಬ ಊರಿನಲ್ಲಿ, ಹುಡುಗರು ಕೂದಲು ಬಿಡಬಾರದೆಂಬ ಶಾಲಾ ನಿಯಮಕ್ಕೆ ಸಿಕ್ಕಿಕೊಂಡ ಮೂಲನಿವಾಸಿ ಬಾಲಕನೊಬ್ಬ, ತನ್ನ ಜಡೆ ತನ್ನ ಧಾರ್ಮಿಕ ನಂಬಿಕೆಯ ಭಾಗವೆಂದು ಹೇಳಿದಾಗ, 2010ರಲ್ಲಿ ಫೆಡರಲ್ ಮೇಲ್ಮನವಿ ನ್ಯಾಯಾಲಯ ಅವನ ಪರವಾಗಿ ತೀರ್ಪಿತ್ತಿತು. ಅದಕ್ಕೆ ಆಧಾರವಾದದ್ದು ಟೆಕ್ಸಾಸ್ ರಾಜ್ಯದ್ದೇ ಧಾರ್ಮಿಕ ಸ್ವಾತಂತ್ರ್ಯದ ಕಾಯ್ದೆ. ಊಟಕ್ಕೆ ಮುಂಚೆ ಮಗು ಕಣ್ಣು ಮುಚ್ಚಿ ಪ್ರಾರ್ಥಿಸುವುದನ್ನು ಅಲ್ಲಿನ ಸುಪ್ರೀಂ ಕೋರ್ಟು ಎಂದೂ ನಿಷೇಧಿಸಿಲ್ಲ. ‘ಶಾಲೆಯಿಂದ ದೇವರನ್ನು ಹೊರಹಾಕಿದರು’ ಎಂಬ ಮಾತು ಅಲ್ಲಿ ಅರವತ್ತು ವರ್ಷಗಳಿಂದ ಓಡಾಡುತ್ತಿದೆಯಾದರೂ ಅದು ನಿಜವಲ್ಲ.

ಹೊರಗೆ ಹೋದದ್ದು ಸರ್ಕಾರ ಬರೆದುಕೊಟ್ಟ ಪ್ರಾರ್ಥನೆ. ನ್ಯೂಯಾರ್ಕ್ ರಾಜ್ಯದ ಶಿಕ್ಷಣ ಮಂಡಳಿಯು ಯಾರ ಮನಸ್ಸಿಗೂ ನೋವಾಗದಂತೆ ಎಚ್ಚರ ವಹಿಸಿ 22 ಪದಗಳ ಪ್ರಾರ್ಥನೆಯೊಂದನ್ನು ರಚಿಸಿತ್ತು. ಅದರಲ್ಲಿ ಕ್ರಿಸ್ತನ ಹೆಸರೂ ಇರಲಿಲ್ಲ, ಹೇಳಲೇಬೇಕೆಂಬ ಕಡ್ಡಾಯವೂ ಇರಲಿಲ್ಲ. ಬೇಡವಾದ ಮಗು ಸುಮ್ಮನಿರಬಹುದಿತ್ತು, ಇಲ್ಲವೇ ಹೊರಗೆ ಹೋಗಬಹುದಿತ್ತು. ಆದರೂ 1962ರಲ್ಲಿ ಎಂಗೆಲ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಅದನ್ನು ರದ್ದುಪಡಿಸಿತು. ಪ್ರಾರ್ಥನೆ ರಚಿಸುವುದು ಸರ್ಕಾರದ ಕೆಲಸವೇ ಅಲ್ಲವೆಂಬುದು ನ್ಯಾಯಮೂರ್ತಿ ಹ್ಯೂಗೋ ಬ್ಲ್ಯಾಕ್ ಅವರ ನಿಲುವು. ನನ್ನನ್ನು ಕಾಡುವುದು ಆ ‘ಹೊರಗೆ ಹೋಗಬಹುದು’ ಎಂಬ ಸವಲತ್ತು. ಮೂವತ್ತು ಮಕ್ಕಳು ಕೈಮುಗಿದು ನಿಂತಿರುವಾಗ, ಮೇಷ್ಟ್ರು ನೋಡುತ್ತಿರುವಾಗ, ಎಂಟು ವರ್ಷದ ಮಗುವೊಂದು ತಾನಾಗಿಯೇ ಬಾಗಿಲಿನತ್ತ ನಡೆಯಬೇಕು. ದೊಡ್ಡವರಾದ ನಮಗೇ ಆಗದ ಕೆಲಸವನ್ನು ಅದರ ಇಚ್ಛೆಗೆ ಬಿಟ್ಟಿದ್ದೇವೆ ಎನ್ನುವುದು ಯಾವ ನ್ಯಾಯ?

ಸರ್ಕಾರಕ್ಕೂ ಧರ್ಮಕ್ಕೂ ನಡುವೆ ಇರಬೇಕಾದ ಈ ಬೇರ್ಪಡಿಕೆಯ ಗೋಡೆಯನ್ನು ಬೇಡಿದವರು ದೇವರನ್ನು ನಂಬದವರು ಎಂದು ಹಲವರು ತಿಳಿದಿದ್ದಾರೆ. ಆ ‘ಗೋಡೆ’ ಎಂಬ ಪ್ರಸಿದ್ಧ ಮಾತು ಬಂದದ್ದು 1802ರ ಜನವರಿ 1ರಂದು ಅಧ್ಯಕ್ಷ ಜೆಫರ್ಸನ್ ಬರೆದ ಪತ್ರದಲ್ಲಿ. ಅದನ್ನು ಬರೆದದ್ದು ಕನೆಕ್ಟಿಕಟ್ ರಾಜ್ಯದ ಡ್ಯಾನ್‌ಬರಿಯ ಬ್ಯಾಪ್ಟಿಸ್ಟ್ ಪಂಥದ ಕ್ರೈಸ್ತರಿಗೆ. ತಮ್ಮ ರಾಜ್ಯ ಬೇರೊಂದು ಚರ್ಚಿನ ಬೆನ್ನಿಗೆ ನಿಂತಿದ್ದ ಕಾಲದಲ್ಲಿ ತಮ್ಮ ಆರಾಧನೆಯ ಹಕ್ಕಿಗಾಗಿ ಕಳವಳಪಟ್ಟ ಶ್ರದ್ಧಾವಂತರು ಅವರು. ಶಾಲೆಯಲ್ಲಿ ಪ್ರಾಟೆಸ್ಟಂಟರ ಬೈಬಲ್ ಓದಬೇಕೋ ಕ್ಯಾಥೊಲಿಕರದ್ದೋ ಎಂಬ ಜಗಳ 1844ರಲ್ಲಿ ಫಿಲಡೆಲ್ಫಿಯಾದಲ್ಲಿ ದಂಗೆಗೆ ತಿರುಗಿ, ಕ್ಯಾಥೊಲಿಕರ ಚರ್ಚುಗಳು ಸುಟ್ಟುಹೋದವು, ಜೀವಗಳೂ ಹೋದವು.

ಇನ್ನು ನಿಮ್ಮ ಫಲಕ. ತರಗತಿಗಳಲ್ಲಿ ಹತ್ತು ಆಜ್ಞೆಗಳನ್ನು ತೂಗುಹಾಕಬೇಕೆಂಬ ಇಂಥದೇ ಕಾಯ್ದೆಯನ್ನು ಕೆಂಟಕಿ ರಾಜ್ಯ ತಂದಾಗ, 1980ರ ಸ್ಟೋನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಅದನ್ನು ತಳ್ಳಿಹಾಕಿತು. ಫಲಕಕ್ಕೆ ಹಣ ಕೊಟ್ಟವರು ಖಾಸಗಿಯವರೆಂಬ ಸಮರ್ಥನೆಯನ್ನು ಒಪ್ಪಲಿಲ್ಲ. ಆದರೆ ಪಂದ್ಯದ ನಂತರ ಮೈದಾನದಲ್ಲಿ ಮೊಣಕಾಲೂರಿ ಪ್ರಾರ್ಥಿಸುತ್ತಿದ್ದ ಫುಟ್‌ಬಾಲ್ ತರಬೇತುದಾರನ ಪರವಾಗಿ 2022ರಲ್ಲಿ ಅದೇ ನ್ಯಾಯಾಲಯ ತೀರ್ಪಿತ್ತು, ಸರ್ಕಾರದ ಕ್ರಮ ಧರ್ಮದ ಪರವಾಗಿದೆಯೇ ಎಂದು ಅಳೆಯಲು ತಾನು ಬಳಸುತ್ತಿದ್ದ ಹಳೆಯ ಒರೆಗಲ್ಲನ್ನು ಪಕ್ಕಕ್ಕಿಟ್ಟಿತು. 2024ರಲ್ಲಿ ಲೂಸಿಯಾನಾ, 2025ರಲ್ಲಿ ಟೆಕ್ಸಾಸ್ ಕಾಯ್ದೆ ತರಲು ಧೈರ್ಯ ಬಂದದ್ದು ಅಲ್ಲಿಂದ. ಎರಡನ್ನೂ ಪ್ರಶ್ನಿಸಿ ಪೋಷಕರು ನ್ಯಾಯಾಲಯಕ್ಕೆ ಹೋದರು. ಅವರಲ್ಲಿ ಕ್ರೈಸ್ತ ಪಾದ್ರಿಗಳೂ ಇದ್ದಾರೆ. 1980ರ ತೀರ್ಪೇ ಸರಿಯೆಂಬುದು ನನ್ನ ದೃಢವಾದ ನಂಬಿಕೆ. ಕೊಲ್ಲಬೇಡ, ಕದಿಯಬೇಡ ಎಂಬ ಮಾತಿಗೆ ಯಾರ ತಕರಾರೂ ಇಲ್ಲ. ಆದರೆ ಆ ಪಟ್ಟಿ ಶುರುವಾಗುವುದೇ ಬೇರೆ ದೇವರುಗಳು ಇರಬಾರದು, ವಿಗ್ರಹ ಮಾಡಿಕೊಳ್ಳಬಾರದು ಎಂಬಲ್ಲಿಂದ. ಅದು ಚರ್ಚಿನಲ್ಲಿ ಪವಿತ್ರ ವಚನ. ಹಾಜರಿ ಕಡ್ಡಾಯವಿರುವ ಶಾಲೆಯ ಗೋಡೆಯ ಮೇಲೆ, ನಿಮ್ಮ ಮಗಳ ಪಾಲಿಗೆ, ಸರ್ಕಾರ ಅವಳ ದೇವರ ಕೋಣೆಯ ಬಗ್ಗೆ ಕೊಟ್ಟ ತೀರ್ಮಾನ.

ಸರಸ್ವತಿ ಪ್ರಾರ್ಥನೆಯ ನಿಮ್ಮ ಸಂಕೋಚ ನನ್ನದೂ ಹೌದು. ನಾನು ಓದಿದ ಶಾಲೆಯ ಸಾಲಿನಲ್ಲೂ ತುಟಿ ಅಲ್ಲಾಡಿಸದೆ ನಿಂತಿರುತ್ತಿದ್ದ ಇಬ್ಬರು ಮೂವರು ಸಹಪಾಠಿಗಳಿದ್ದರು. ಅವರಿಗೆ ಹೇಗನಿಸುತ್ತಿತ್ತೆಂದು ನಾನು ಒಮ್ಮೆಯೂ ಕೇಳಲಿಲ್ಲ. ಸಂಪೂರ್ಣ ಸರ್ಕಾರದ ಹಣದಿಂದ ನಡೆಯುವ ಶಿಕ್ಷಣ ಸಂಸ್ಥೆಯಲ್ಲಿ ಧಾರ್ಮಿಕ ಬೋಧನೆ ಕೂಡದೆಂದು ನಮ್ಮ ಸಂವಿಧಾನದ 28ನೆಯ ವಿಧಿ ಹೇಳುತ್ತದೆ. ರಾಷ್ಟ್ರಗೀತೆಗೆ ಗೌರವದಿಂದ ಎದ್ದುನಿಂತು, ನಂಬಿಕೆಯ ಕಾರಣಕ್ಕೆ ಹಾಡದೆ ಉಳಿದ ಕೇರಳದ ಮೂವರು ಮಕ್ಕಳನ್ನು ಶಾಲೆಗೆ ಮರಳಿ ಸೇರಿಸಿಕೊಳ್ಳುವಂತೆ 1986ರಲ್ಲಿ ನಮ್ಮ ಸುಪ್ರೀಂ ಕೋರ್ಟು ಆದೇಶಿಸಿದಾಗ, ಧ್ವಜವಂದನೆಯನ್ನು ಮಕ್ಕಳ ಮೇಲೆ ಹೇರಬಾರದೆಂಬ ಅಮೆರಿಕದ 1943ರ ಬಾರ್ನೆಟ್ ತೀರ್ಪನ್ನೂ ಉಲ್ಲೇಖಿಸಿತ್ತು. ಅಲ್ಲಿ ಕೇಳುವ ಹಕ್ಕು ನಿಮಗೆ ಖಂಡಿತ ಇದೆ. ಇಲ್ಲಿಯೂ ಅದನ್ನೇ ಕೇಳಬೇಕಾದ ಹೊಣೆ ನಮ್ಮೆಲ್ಲರಿಗಿದೆ.

ದೂರು ಕೊಟ್ಟರೆ ಮಕ್ಕಳು ಗುರಿಯಾದಾರು ಎಂಬ ಭಯ ಸಹಜ. ಟೆಕ್ಸಾಸಿನ ಸಾಂಟಾ ಫೆಯಲ್ಲಿ ಫುಟ್‌ಬಾಲ್ ಪಂದ್ಯಕ್ಕೆ ಮುಂಚೆ ಧ್ವನಿವರ್ಧಕದಲ್ಲಿ ನಡೆಯುತ್ತಿದ್ದ ಪ್ರಾರ್ಥನೆಯನ್ನು ಪ್ರಶ್ನಿಸಿದ್ದು ಒಂದು ಕ್ಯಾಥೊಲಿಕ್ ಕುಟುಂಬ, ಒಂದು ಮಾರ್ಮನ್ ಕುಟುಂಬ; ಎರಡೂ ಕ್ರಿಸ್ತನನ್ನು ನಂಬುವ ಮನೆಗಳೇ. ಕಿರುಕುಳದಿಂದ ಕಾಪಾಡಲು ಅವರ ಹೆಸರನ್ನು ಗುಟ್ಟಾಗಿಡಲು ನ್ಯಾಯಾಲಯ ಒಪ್ಪಿತು. 2000ದಲ್ಲಿ ಅವರೇ ಗೆದ್ದರು. ಆದ್ದರಿಂದ ಒಬ್ಬರೇ ಮುಂದಾಗುವ ಮೊದಲು, ಅದೇ ತರಗತಿಯ ಕ್ರೈಸ್ತ ಪೋಷಕರೊಂದಿಗೂ ಒಮ್ಮೆ ಮಾತನಾಡಿ ನೋಡಿ.

— ಸಂಪಾದಕ