ತವರಿನ ವಿಶ್ವಕಪ್‌ಗೆ ಬೆನ್ನಿ ಮೆಕಾರ್ಥಿ ಯಾಕಿರಲಿಲ್ಲ?

ಪ್ರಶ್ನೆ: 2010ರ ಫುಟ್‌ಬಾಲ್ ವಿಶ್ವಕಪ್ ದಕ್ಷಿಣ ಆಫ್ರಿಕಾದಲ್ಲೇ ನಡೆಯಿತು. ಆ ದೇಶದ ಪರ ಎಲ್ಲರಿಗಿಂತ ಜಾಸ್ತಿ ಗೋಲು ಹೊಡೆದ ಬೆನ್ನಿ ಮೆಕಾರ್ಥಿ ಮಾತ್ರ ತಂಡದಲ್ಲಿ ಇರಲಿಲ್ಲವಂತೆ. ಮನೆಯಲ್ಲೇ ಹಬ್ಬ ಇಟ್ಟುಕೊಂಡು ಹಿರಿಮಗನನ್ನು ಹೊರಗೆ ನಿಲ್ಲಿಸಿದ ಹಾಗಾಯಿತು. ಇದು ಅನ್ಯಾಯ ಅಲ್ವಾ ಸಾರ್?

ಉತ್ತರ: ನೋವಿನ ವಿಷಯ ಹೌದು. ಆದರೆ ಅನ್ಯಾಯ ಅನ್ನಲು ನನಗೆ ಮನಸ್ಸು ಬರುವುದಿಲ್ಲ. ಬೆನ್ನಿ ಆಟವನ್ನು ತುಂಬಾ ಪ್ರೀತಿಯಿಂದ ನೋಡಿದವನು ನಾನು. ಆದರೂ ಹೀಗೇ ಹೇಳಬೇಕಾಗಿದೆ.

2010ರ ಜೂನ್ 1ರಂದು ಕೋಚ್ ಕಾರ್ಲೋಸ್ ಆಲ್ಬರ್ಟೊ ಪರೇರಾ 23 ಜನರ ಪಟ್ಟಿ ಪ್ರಕಟಿಸಿದರು. ಅದರಲ್ಲಿ ಬೆನ್ನಿ ಹೆಸರಿರಲಿಲ್ಲ. ಪರೇರಾ 1994ರಲ್ಲಿ ಬ್ರೆಜಿಲ್‌ಗೆ ವಿಶ್ವಕಪ್ ಗೆದ್ದುಕೊಟ್ಟ ಕೋಚ್. ದೊಡ್ಡ ಹೆಸರಿನ ಆಟಗಾರರನ್ನು ಕಂಡರೆ ಹೆದರುವವರೇನಲ್ಲ. ಆ ವರ್ಷದ ಶುರುವಿನಲ್ಲಿ ಬೆನ್ನಿ ಇಂಗ್ಲೆಂಡಿನ ಬ್ಲ್ಯಾಕ್‌ಬರ್ನ್ ಬಿಟ್ಟು ವೆಸ್ಟ್ ಹ್ಯಾಮ್ ಸೇರಿದ್ದರು. ಅಲ್ಲಿ ಬಂದಕೂಡಲೇ ಮೊಣಕಾಲಿಗೆ ಪೆಟ್ಟಾಯಿತು. ಅವರ ತೂಕದ ಬಗ್ಗೆ, ಫಿಟ್‌ನೆಸ್ ಬಗ್ಗೆ ಎಲ್ಲರೂ ಬಹಿರಂಗವಾಗಿಯೇ ಮಾತಾಡುತ್ತಿದ್ದರು. ವೆಸ್ಟ್ ಹ್ಯಾಮ್ ಪರ ಅವರು ಒಂದೂ ಗೋಲು ಹೊಡೆಯಲಿಲ್ಲ. ರಾಷ್ಟ್ರೀಯ ತಂಡದ ಜೊತೆಗಿನ ನಂಟು ಕೂಡ ಬಹಳ ವರ್ಷಗಳಿಂದ ಒಮ್ಮೆ ಬಿಸಿ, ಒಮ್ಮೆ ತಣ್ಣಗೆ ಇತ್ತು. 2009ರಲ್ಲಿ ಅದೇ ದೇಶದಲ್ಲಿ ಖಂಡಗಳ ಚಾಂಪಿಯನ್ ತಂಡಗಳು ಆಡುವ ಕಾನ್ಫೆಡರೇಷನ್ಸ್ ಕಪ್ ನಡೆದಾಗಲೂ ಅವರು ತಂಡದಲ್ಲಿ ಇರಲಿಲ್ಲ.

ಆಮೇಲೆ ಏನಾಯಿತು ಅಂತ ನಿಮಗೆ ಗೊತ್ತಿರಬಹುದು. ಮೊದಲ ಪಂದ್ಯದಲ್ಲಿ ಮೆಕ್ಸಿಕೊ ಜೊತೆ 1-1. ಕೊನೆಯ ನಿಮಿಷಗಳಲ್ಲಿ ಕಾಟ್ಲೆಗೊ ಎಂಫೆಲಾ ಒದ್ದ ಚೆಂಡು ಕಂಬಕ್ಕೆ ಬಡಿಯಿತು. ಉರುಗ್ವೆ ಎದುರು 0-3 ಸೋಲು. ಫ್ರಾನ್ಸ್ ವಿರುದ್ಧ 2-1 ಗೆಲುವು. ಆದರೂ ಗುಂಪಿನ ಹಂತದಲ್ಲೇ ಹೊರಗೆ. ಆತಿಥ್ಯ ವಹಿಸಿದ ದೇಶಕ್ಕೆ ವಿಶ್ವಕಪ್‌ನಲ್ಲಿ ಹೀಗಾಗಿದ್ದು ಅದೇ ಮೊದಲು. ಆ ಕಂಬಕ್ಕೆ ಬಡಿದ ಚೆಂಡು ನೆನಪಾದಾಗಲೆಲ್ಲ ಜನ ಬೆನ್ನಿ ಹೆಸರು ಎತ್ತುತ್ತಾರೆ. ಆದರೆ ಅವರು ನೆನೆಯುವುದು ಪೋರ್ಚುಗಲ್‌ನ ಪೋರ್ಟೊ ಕ್ಲಬ್‌ನಲ್ಲಿ ಮಿಂಚಿದ 2004ರ ಬೆನ್ನಿಯನ್ನು. 2010ರ ಬೆನ್ನಿ ಬೇರೆ.

ನನ್ನನ್ನು ಕಾಡುವುದು 2010 ಅಲ್ಲ, 2006. ಲೆಕ್ಕ ಹಾಕಿ ನೋಡಿ. ಬೆನ್ನಿ ಹುಟ್ಟಿದ್ದು 1977ರ ನವೆಂಬರ್‌ನಲ್ಲಿ. 1998ರ ವಿಶ್ವಕಪ್ ಹೊತ್ತಿಗೆ 20 ವರ್ಷ, 2002ಕ್ಕೆ 24, 2010ಕ್ಕೆ 32. ನಡುವೆ 2006ಕ್ಕೆ 28. ಸ್ಟ್ರೈಕರ್ ಒಬ್ಬನ ಕಾಲು, ಕಣ್ಣು, ತಲೆ ಮೂರೂ ಒಟ್ಟಿಗೆ ಕೆಲಸ ಮಾಡುವ ವಯಸ್ಸು ಅದು. ಆ ಸಲ ದಕ್ಷಿಣ ಆಫ್ರಿಕಾ ಅರ್ಹತೆಯನ್ನೇ ಪಡೆಯಲಿಲ್ಲ. ಅವರ ಗುಂಪಿನಿಂದ ಘಾನಾ ಹೋಯಿತು. ವಿಶ್ವಕಪ್ ಮುಗಿದ ಮೇಲೆ ಬೆನ್ನಿ ಬ್ಲ್ಯಾಕ್‌ಬರ್ನ್ ಸೇರಿದರು. ಮೊದಲ ಸೀಸನ್‌ನಲ್ಲೇ ಪ್ರೀಮಿಯರ್ ಲೀಗ್‌ನಲ್ಲಿ 18 ಗೋಲು ಹೊಡೆದರು. ಅವರಿಗಿಂತ ಮುಂದಿದ್ದದ್ದು 20 ಗೋಲಿನ ಡಿಡಿಯೆ ದ್ರೋಗ್ಬಾ ಒಬ್ಬರೇ. ಅಂಥ ವರ್ಷದಲ್ಲಿ ಅವರು ವಿಶ್ವಕಪ್ಪನ್ನು ಟಿವಿಯಲ್ಲಿ ನೋಡಬೇಕಾಯಿತು. ಅದರ ಬಗ್ಗೆ ಯಾರೂ ಪ್ರಶ್ನೆ ಕಳಿಸುವುದಿಲ್ಲ.

ಪ್ರಶ್ನೆ: ಬೆನ್ನಿ ಯೂರೋಪಿನ ಚಾಂಪಿಯನ್ಸ್ ಲೀಗ್ ಗೆದ್ದಿದ್ದಾರೆ ಅಂತ ಕೇಳಿದೆ. ಗೆದ್ದ ತಂಡದಲ್ಲಿ ಸುಮ್ನೆ ಇದ್ದರೋ, ನಿಜವಾಗಿ ಆಡಿ ಗೆಲ್ಲಿಸಿದರೋ?

ಉತ್ತರ: ಆಡಿ ಗೆಲ್ಲಿಸಿದರು. ಇದನ್ನು ಸ್ವಲ್ಪ ಹಿಂದಿನಿಂದ ಹೇಳುತ್ತೇನೆ.

ಕೇಪ್‌ಟೌನ್‌ನ ಹ್ಯಾನೋವರ್ ಪಾರ್ಕ್ ಅವರ ಊರು. ವರ್ಣಭೇದದ ಸರ್ಕಾರ ಜನರನ್ನು ನಗರದ ಒಳ್ಳೆಯ ಜಾಗಗಳಿಂದ ಎಬ್ಬಿಸಿ ತಂದು ಹಾಕಿದ ಬಡಾವಣೆಗಳಲ್ಲಿ ಅದೂ ಒಂದು. ಗ್ಯಾಂಗ್‌ಗಳ ಕಾಟಕ್ಕೆ ಹೆಸರಾದ ಜಾಗ. ವರ್ಣಭೇದದ ಕಾರಣಕ್ಕೆ ಹೊರಗಿಟ್ಟಿದ್ದ ದಕ್ಷಿಣ ಆಫ್ರಿಕಾವನ್ನು ಫೀಫಾ ವಾಪಸು ಸೇರಿಸಿಕೊಂಡಿದ್ದು 1992ರಲ್ಲಿ. ಆಗ ಬೆನ್ನಿಗೆ 14 ವರ್ಷ. ಅವರಿಗಿಂತ ಹಿಂದಿನ ತಲೆಮಾರಿನ ಎಷ್ಟೋ ಒಳ್ಳೆಯ ಸ್ಟ್ರೈಕರ್‌ಗಳಿಗೆ ದೇಶದ ಅಂಗಿ ತೊಡುವ ಅವಕಾಶವೇ ಸಿಗಲಿಲ್ಲ. ಬೆನ್ನಿ ಸರಿಯಾದ ಹೊತ್ತಿಗೆ ಬೆಳೆದರು. ಸೆವೆನ್ ಸ್ಟಾರ್ಸ್ ಎಂಬ ಸಣ್ಣ ಕ್ಲಬ್‌ನಲ್ಲಿ ಶುರುಮಾಡಿ 1997ರಲ್ಲಿ ನೆದರ್‌ಲೆಂಡ್ಸ್‌ನ ಅಯಾಕ್ಸ್ ಕ್ಲಬ್‌ಗೆ ಹೋದರು. ಮರುವರ್ಷ ಬುರ್ಕಿನಾ ಫಾಸೊದಲ್ಲಿ ನಡೆದ ಆಫ್ರಿಕಾ ಕಪ್‌ನಲ್ಲಿ 7 ಗೋಲು. ಅದರಲ್ಲಿ ನಾಲ್ಕು ನಮೀಬಿಯಾ ವಿರುದ್ಧ, ಬರೀ 13 ನಿಮಿಷದೊಳಗೆ! ಅದೇ ವರ್ಷ ಫ್ರಾನ್ಸ್‌ನಲ್ಲಿ ಡೆನ್ಮಾರ್ಕ್ ಎದುರು ಪೀಟರ್ ಶ್ಮೈಕೆಲ್‌ರಂಥ ಗೋಲ್‌ಕೀಪರ್‌ನನ್ನು ದಾಟಿಸಿ ಹೊಡೆದರು. ಅದು ವಿಶ್ವಕಪ್‌ನಲ್ಲಿ ಆ ದೇಶದ ಮೊಟ್ಟಮೊದಲ ಗೋಲು.

ಆಮೇಲೆ ಸ್ಪೇನ್‌ನ ಸೆಲ್ಟಾ ವಿಗೊ. ಅಲ್ಲಿ ಬೆಂಚೇ ಗತಿಯಾಯಿತು. 2002ರ ಶುರುವಿನಲ್ಲಿ ಪೋರ್ಟೊ ಅವರನ್ನು ಅರ್ಧ ಸೀಸನ್‌ಗೆ ಎರವಲು ತಂದಿತು. ಕೋಚ್ ಜೋಸೆ ಮೊರಿನ್ಯೊ ಕೂಡ ಆಗಷ್ಟೇ ಬಂದಿದ್ದರು. ಬೆನ್ನಿ 11 ಲೀಗ್ ಪಂದ್ಯಗಳಲ್ಲಿ 12 ಗೋಲು ಹೊಡೆದರು. ಆದರೆ ಅವರನ್ನು ಕೊಳ್ಳುವಷ್ಟು ಹಣ ಪೋರ್ಟೊ ಬಳಿ ಇರಲಿಲ್ಲ. ವಾಪಸು ಸೆಲ್ಟಾಗೆ. ಅವರಿಲ್ಲದ ಆ ಒಂದು ವರ್ಷದಲ್ಲೇ ಪೋರ್ಟೊ ಯೂರೋಪಿನ ಎರಡನೇ ದರ್ಜೆಯ ಕ್ಲಬ್ ಟೂರ್ನಿಯಾದ ಯುಇಎಫ್‌ಎ ಕಪ್ ಗೆದ್ದಿತು. 2003ರಲ್ಲಿ ಕೊನೆಗೂ ಕೊಂಡುಕೊಂಡರು. ಅದೇ ಆಟಗಾರ ಸ್ಪೇನ್‌ನಲ್ಲಿ ಬೆಂಚಿನಲ್ಲಿ ಕೂತಿದ್ದ, ಪೋರ್ಚುಗಲ್‌ನಲ್ಲಿ ಗೋಲಿನ ಮಳೆ ಸುರಿಸಿದ. ಬಾಕ್ಸ್ ಒಳಗೆ ಸರಿಯಾದ ಕಡೆ ಚೆಂಡು ತಲುಪಿಸುವ ಡೆಕೊರಂಥವರು ಪೋರ್ಟೊದಲ್ಲಿ ಇದ್ದರು. ಸ್ಟ್ರೈಕರ್‌ನನ್ನು ಅಳೆಯುವಾಗ ಅವನ ಹಿಂದೆ ಯಾರಿದ್ದಾರೆ ಅಂತಲೂ ನೋಡಬೇಕು.

ಈಗ ನಿಮ್ಮ ಪ್ರಶ್ನೆಗೆ ಬರುತ್ತೇನೆ. 2004ರ ಫೆಬ್ರವರಿ 25. ಚಾಂಪಿಯನ್ಸ್ ಲೀಗ್ ಪಂದ್ಯಕ್ಕೆ ಪೋರ್ಟೊ ಅಂಗಳಕ್ಕೆ ಇಂಗ್ಲೆಂಡಿನ ಮ್ಯಾಂಚೆಸ್ಟರ್ ಯುನೈಟೆಡ್ ಬಂದಿತ್ತು. ಮೊದಲ ಗೋಲು ಹೊಡೆದದ್ದು ಯುನೈಟೆಡ್‌ನ ಕ್ವಿಂಟನ್ ಫಾರ್ಚೂನ್. ಅವರೂ ಕೇಪ್‌ಟೌನ್‌ನವರೇ! ಮೊದಲಾರ್ಧದಲ್ಲೇ ಬೆನ್ನಿ, ಬಂದ ಕ್ರಾಸನ್ನು ನೆಲಕ್ಕೆ ಬೀಳಲು ಬಿಡದೆ ಒದ್ದು ಸಮ ಮಾಡಿದರು. 78ನೇ ನಿಮಿಷದಲ್ಲಿ ಹೆಡರ್‌ನಿಂದ ಗೆಲುವಿನ ಗೋಲು. ಯೂರೋಪಿನ ಅಷ್ಟು ದೊಡ್ಡ ರಾತ್ರಿಯಲ್ಲಿ ಮೂರೂ ಗೋಲು ಒಂದೇ ಊರಿನ ಇಬ್ಬರು ಹುಡುಗರದ್ದು. ಅದೇ ತಂಡದ ಜೊತೆ ಎರಡನೇ ಪಂದ್ಯ ಮ್ಯಾಂಚೆಸ್ಟರ್‌ನಲ್ಲಿ. ಎರಡೂ ಪಂದ್ಯ ಸೇರಿಸಿ ಯಾರು ಮುಂದೆ ಹೋಗುತ್ತಾರೆ ಅಂತ ತೀರ್ಮಾನ. 90ನೇ ನಿಮಿಷದವರೆಗೂ ಪೋರ್ಟೊ ಹೊರಬೀಳುವ ಸ್ಥಿತಿಯಲ್ಲಿತ್ತು. ಆಗ ಒಂದು ಫ್ರೀ ಕಿಕ್. ಗೋಲ್‌ಕೀಪರ್ ಟಿಮ್ ಹೋವರ್ಡ್ ಚೆಂಡನ್ನು ತಳ್ಳಿದರು, ಕೋಸ್ಟಿನ್ಯಾ ಒಳಗೆ ನೂಕಿದರು. ಮೊರಿನ್ಯೊ ಗೆರೆಯುದ್ದಕ್ಕೂ ಓಡಿದ ಆ ದೃಶ್ಯವನ್ನು ನೀವೂ ನೋಡಿರುತ್ತೀರಿ. ಆ ಫ್ರೀ ಕಿಕ್ ಒದ್ದವರು ಬೆನ್ನಿ. ಇದನ್ನು ಮಾತ್ರ ಜನ ಮರೆತೇಬಿಡುತ್ತಾರೆ.

ಮೊನಾಕೊ ವಿರುದ್ಧದ ಫೈನಲ್‌ನಲ್ಲಿ ಅವರು ಕೊನೆಯಲ್ಲಷ್ಟೇ ಇಳಿದರು. ಆದರೆ ಆ ಎರಡು ಪಂದ್ಯಗಳಿಲ್ಲದೆ ಫೈನಲ್ ಎಲ್ಲಿತ್ತು? ಅದೇ ಸೀಸನ್‌ನಲ್ಲಿ 20 ಗೋಲು ಹೊಡೆದು ಪೋರ್ಚುಗೀಸ್ ಲೀಗ್‌ನ ಮೊದಲ ಗೋಲುಗಾರನೂ ಆದರು. ಚಾಂಪಿಯನ್ಸ್ ಲೀಗ್ ಗೆದ್ದ ಮೊದಲ ದಕ್ಷಿಣ ಆಫ್ರಿಕನ್ ಅವರು.

ಪ್ರಶ್ನೆ: ನನ್ನ ಮಗನಿಗೆ 15 ವರ್ಷ. ಸ್ಟ್ರೈಕರ್ ಆಡುತ್ತಾನೆ. ಬೆನ್ನಿ ಅವರ ವಿಡಿಯೊ ನೋಡು ಅಂತ ನೀವು ಹಿಂದೊಮ್ಮೆ ಬರೆದಿದ್ದಿರಿ. ಏನನ್ನು ನೋಡಬೇಕು? ಆಟ ಬಿಟ್ಟ ಮೇಲೆ ಅವರು ಏನು ಮಾಡಿದರು?

ಉತ್ತರ: ಎರಡನೆಯದಕ್ಕೆ ಮೊದಲು ಉತ್ತರ. 2011ರಲ್ಲಿ ಅವರು ತಾಯ್ನಾಡಿಗೆ ಮರಳಿ ಒರ್ಲಾಂಡೊ ಪೈರೇಟ್ಸ್ ಸೇರಿದರು. ಇಂಗ್ಲೆಂಡಿನಲ್ಲಿ ಮುಗಿದೇಹೋಯಿತು ಅಂದಿದ್ದವರ ಎದುರು ಮೊದಲ ಸೀಸನ್‌ನಲ್ಲೇ ಲೀಗ್ ಪ್ರಶಸ್ತಿ ಗೆದ್ದ ತಂಡದಲ್ಲಿ ಆಡಿದರು. 2013ರಲ್ಲಿ ನಿವೃತ್ತಿ. ಆಮೇಲೆ ಕೇಪ್‌ಟೌನ್ ಸಿಟಿ, ಅಮಾಜುಲು ತಂಡಗಳ ಕೋಚ್. 2022ರಿಂದ ಎರಡು ವರ್ಷ ಮ್ಯಾಂಚೆಸ್ಟರ್ ಯುನೈಟೆಡ್‌ನಲ್ಲೇ ಮುಂಚೂಣಿ ಆಟಗಾರರನ್ನು ತಿದ್ದುವ ಕೆಲಸ. ಹಿಂದೆ ಯಾರನ್ನು ಸೋಲಿಸಿದ್ದರೋ ಅವರೇ ಕರೆದು ಕಲಿಸಿ ಅಂದರು! 2025ರ ಮಾರ್ಚ್‌ನಲ್ಲಿ ಕೀನ್ಯಾ ರಾಷ್ಟ್ರೀಯ ತಂಡದ ಕೋಚ್ ಆದರು. ಅದೇ ಆಗಸ್ಟ್‌ನಲ್ಲಿ, ದೇಶದೊಳಗಿನ ಲೀಗ್‌ನಲ್ಲಿ ಆಡುವವರಿಗೆ ಮೀಸಲಾದ ಆಫ್ರಿಕಾ ಟೂರ್ನಿಯಲ್ಲಿ ಕೀನ್ಯಾ ಮೊರಾಕೊವನ್ನು ಸೋಲಿಸಿ ಕ್ವಾರ್ಟರ್‌ಫೈನಲ್ ತಲುಪಿತು.

ಇನ್ನು ಮಗನ ವಿಷಯ. ಗೋಲು ಹೊಡೆಯುವ ಕ್ಷಣವನ್ನು ನೋಡಬೇಡ ಅಂತ ಹೇಳಿ. ಅದಕ್ಕೆ ಮೂರು ಸೆಕೆಂಡು ಮುಂಚೆ ವಿಡಿಯೊ ನಿಲ್ಲಿಸಿ, ಬೆನ್ನಿ ಎಲ್ಲಿದ್ದಾರೆ, ಡಿಫೆಂಡರ್ ಎತ್ತ ನೋಡುತ್ತಿದ್ದಾನೆ ಅಂತ ಗಮನಿಸಲಿ. ಬೆನ್ನಿ ತುಂಬಾ ವೇಗದ ಓಟಗಾರ ಅಂತ ಹೆಸರು ಮಾಡಿದವರಲ್ಲ. ಡಿಫೆಂಡರ್ ಕಣ್ಣು ಚೆಂಡಿನ ಮೇಲೆ ಹೋದ ಕ್ಷಣದಲ್ಲಿ ಅವನ ಬೆನ್ನ ಹಿಂದೆ ಜಾರಿ, ಎರಡು ಹೆಜ್ಜೆ ಜಾಗ ಮಾಡಿಕೊಳ್ಳುವುದೇ ಅವರ ವಿದ್ಯೆ. 2004ರ ಆ ಹೆಡರ್‌ನಿಂದಲೇ ಶುರುಮಾಡಲಿ. ಒಂದೇ ಗೋಲನ್ನು ಹತ್ತು ಸಲ ನೋಡಿದರೂ ಪರವಾಗಿಲ್ಲ. ನೋಡಿದ ಮೇಲೆ ನೀವೇ ಮೈದಾನದಲ್ಲಿ ನಿಂತು ಅವನಿಗೆ ಕ್ರಾಸ್ ಹಾಕಿಕೊಡಿ. ಎರಡು ಹೆಜ್ಜೆಯಲ್ಲಿ ಚೆಂಡಿನ ಕೆಳಗೆ ಬರುವುದನ್ನು ಅವನು ಕಾಲಿನಿಂದಲೇ ಕಲಿಯಬೇಕು.