ಕಟ್ಟಿಸಿದ ಹಲ್ಲು, ಕಡಕ್ ರೊಟ್ಟಿ

ಓದುಗರ ಪ್ರಶ್ನೆಗಳಿಗೆ ದಂತತಜ್ಞರ ಉತ್ತರ

ಪ್ರಶ್ನೆ: ನಮ್ಮ ಅವ್ವನಿಗೆ ಎಪ್ಪತ್ತೆರಡು ವರ್ಷ. ಹಲ್ಲಿನ ಸೆಟ್ ಕಟ್ಟಿಸಿ ಮೂರು ತಿಂಗಳಾಯಿತು. ಮೇಲಿನದು ಗಟ್ಟಿಯಾಗಿ ಕೂತಿದೆ. ಕೆಳಗಿನದು ಮಾತಾಡುವಾಗಲೂ ಮೇಲೇಳುತ್ತದೆ. ರೊಟ್ಟಿ ಬಿಟ್ಟು ಅನ್ನ-ಸಾರಿಗೆ ಬಂದಿದ್ದಾಳೆ. ಇದು ಮಾಡಿದವರ ತಪ್ಪೋ, ಅವ್ವನ ದವಡೆಯ ದೋಷವೋ?
– ಮೆಣಸಿನಕಾಯಿ ವ್ಯಾಪಾರಿ, ಬ್ಯಾಡಗಿ

ಉತ್ತರ: ಎರಡೂ ಇರಬಹುದು. ಮೊದಲು ದವಡೆಯ ಮಾತು. ಮೇಲಿನ ಸೆಟ್ ಇಡೀ ಅಂಗುಳನ್ನು ಮುಚ್ಚುತ್ತದೆ. ನಡುವೆ ಇರುವ ಜೊಲ್ಲಿನ ತೆಳು ಪದರವೇ ಅದನ್ನು ಅಂಟಿಸಿ ಹಿಡಿಯುತ್ತದೆ. ಕೆಳಗಿನದು ಕುದುರೆ ಲಾಳದ ಹಾಗೆ. ಕೂರಲು ಸಿಗುವ ಜಾಗ ಮೇಲಿನದರ ಅರ್ಧದಷ್ಟು, ಅದರಲ್ಲೂ ಒಂದು ಕಡೆ ನಾಲಿಗೆ, ಇನ್ನೊಂದು ಕಡೆ ಕೆನ್ನೆ ತಳ್ಳುತ್ತಿರುತ್ತವೆ. ಹಲ್ಲು ಕಿತ್ತ ಮೇಲೆ ಎಲುಬು ಸವೆಯುತ್ತ ಹೋಗುತ್ತದೆ, ಕೆಳದವಡೆಯದು ಮೇಲಿನದಕ್ಕಿಂತ ಸುಮಾರು ನಾಲ್ಕು ಪಟ್ಟು ಹೆಚ್ಚು. ಹಾಗಾಗಿ ಕೆಳಗಿನ ಸೆಟ್ ತುಸು ಅಲುಗುವುದು ಎಲ್ಲರಿಗೂ ಇದ್ದದ್ದೇ.

ಆದರೆ ಮಾತಿಗೇ ಏಳುತ್ತದೆ ಎಂದರೆ ಸೆಟ್ಟನ್ನೂ ನೋಡಬೇಕು. ಮನೆಯಲ್ಲೇ ಒಂದು ಪರೀಕ್ಷೆ ಮಾಡಿ. ಸೆಟ್ ಹಾಕಿ, ಕಚ್ಚದೆ, ನಾಲಿಗೆಯ ತುದಿಯನ್ನು ಕೆಳಗಿನ ಮುಂದಿನ ಹಲ್ಲಿಗೆ ತಾಗಿಸಿ ಬಾಯಿಯನ್ನು ಮೆಲ್ಲಗೆ ಅರ್ಧ ತೆರೆಯಲು ಹೇಳಿ. ಆಗಲೇ ಎದ್ದರೆ ಅಂಚು ಎಲ್ಲೋ ಉದ್ದವಾಗಿದೆ, ಕೆನ್ನೆ ಅಥವಾ ನಾಲಿಗೆಯ ಸ್ನಾಯು ಅದನ್ನು ಎತ್ತುತ್ತಿದೆ ಎಂದು ಅನುಮಾನಿಸಬಹುದು. ಸುಮ್ಮನೆ ಕೂತಿದ್ದು ಕಚ್ಚಿದಾಗ ಮಾತ್ರ ಜಾರಿದರೆ ಮೇಲಿನ, ಕೆಳಗಿನ ಹಲ್ಲುಗಳು ಸರಿಯಾಗಿ ಕೂಡುತ್ತಿಲ್ಲ. ಉದ್ದದ ಅಂಚನ್ನು ಗುರುತು ಹಾಕಿ ತೇಯುವುದು ಹತ್ತು ನಿಮಿಷದ ಕೆಲಸ. ಕಡಿತದ, ಅಂದರೆ ಹಲ್ಲು ಕೂಡುವ ರೀತಿಯ, ತಪ್ಪನ್ನು ಬಾಯಲ್ಲೇ ಅಂದಾಜಿಗೆ ತೇಯಬಾರದು. ಸೆಟ್ಟನ್ನು ದವಡೆಯ ಚಲನೆಯನ್ನು ಅನುಕರಿಸುವ ಆರ್ಟಿಕ್ಯುಲೇಟರ್ ಎಂಬ ಸಾಧನಕ್ಕೆ ಮತ್ತೆ ಏರಿಸಿ ಸರಿಪಡಿಸಬೇಕು. ಒಳಮೈ ಸಡಿಲಾಗಿದ್ದರೆ ರಿಲೈನಿಂಗ್, ಅಂದರೆ ಒಳಗೆ ಹೊಸ ಪದರ. ಅಂಚು ಗಿಡ್ಡವಾಗಿದ್ದರೂ ಹೀಗೇ ಸರಿಮಾಡಬಹುದು. ಅಂಟುವ ಪುಡಿ ಹಾಕಿ ದಿನ ತಳ್ಳುವುದು ಮಾತ್ರ ನಮಗೆ ಸರಿ ಕಾಣುವುದಿಲ್ಲ, ತಪ್ಪು ಅದರಡಿ ಮುಚ್ಚಿಹೋಗುತ್ತದೆ.

ಎಲುಬು ತೀರ ಸವೆದು ಸೆಟ್ ಕೂರುವ ದಿಬ್ಬವೇ ಉಳಿದಿಲ್ಲವಾದರೆ, ಕೆಳದವಡೆಯ ಎರಡು ಕೋರೆಹಲ್ಲಿನ ಜಾಗದಲ್ಲಿ ಎರಡು ಟೈಟಾನಿಯಂ ಇಂಪ್ಲಾಂಟ್, ಅಂದರೆ ಎಲುಬಿನೊಳಗೆ ಹೂಳುವ ತಿರುಪು, ಕೂರಿಸಿ ಸೆಟ್ಟನ್ನು ಗುಂಡಿಯ ಹಾಗೆ ಅದಕ್ಕೆ ಸಿಕ್ಕಿಸುವ ವಿಧಾನವಿದೆ. ಹಲ್ಲೇ ಇಲ್ಲದ ಕೆಳದವಡೆಗೆ ಇದನ್ನೇ ಮೊದಲ ಆಯ್ಕೆಯಾಗಿ ನೋಡಬೇಕೆಂದು 2002ರಲ್ಲಿ ಕೆನಡಾದ ಮೆಕ್‌ಗಿಲ್ ವಿಶ್ವವಿದ್ಯಾಲಯದಲ್ಲಿ ಸೇರಿದ ತಜ್ಞರು ಒಮ್ಮತಕ್ಕೆ ಬಂದರು. ಇಂಪ್ಲಾಂಟ್ ಎಲುಬಿಗೆ ಬೆಸೆಯಲು ಸಾಮಾನ್ಯವಾಗಿ ಮೂರು ತಿಂಗಳು ಬೇಕು. ಸಕ್ಕರೆ ಕಾಯಿಲೆ ಇದ್ದರೆ ಮೊದಲು ಅದು ಹತೋಟಿಗೆ ಬರಲಿ.

ರೊಟ್ಟಿಯ ವಿಚಾರ: ಒಳ್ಳೆಯ ಸೆಟ್ಟಿನಲ್ಲೂ ಅಗಿಯುವ ಬಲ ಸ್ವಂತ ಹಲ್ಲಿನ ಕಾಲು ಭಾಗ ಬಂದರೆ ಹೆಚ್ಚು. ಕಡಕ್ ರೊಟ್ಟಿಯನ್ನು ಮುಂದಿನ ಹಲ್ಲಿನಿಂದ ಕಡಿದರೆ ಸೆಟ್ಟಿನ ಹಿಂಬದಿ ಎದ್ದೇ ಏಳುತ್ತದೆ. ಬಿಸಿ ರೊಟ್ಟಿಯ ಸಣ್ಣ ತುಂಡನ್ನು ಬೇಳೆಯಲ್ಲಿ ನೆನೆಸಿ, ಎರಡೂ ಬದಿಗೆ ಇಷ್ಟಿಷ್ಟು ಇಟ್ಟು ಒಟ್ಟಿಗೆ ಅಗಿಯುವುದನ್ನು ರೂಢಿ ಮಾಡಿಸಿ. ಒಂದೇ ಬದಿಗೆ ಅಗಿಯುವುದು ಬಹುಕಾಲದ ಅಭ್ಯಾಸ, ಬಿಡಲು ಆರೆಂಟು ವಾರ ಹಿಡಿಯುತ್ತದೆ.

ಪ್ರಶ್ನೆ: ದಂತವೈದ್ಯ ಪದವಿ ಬಿಡಿಎಸ್ ಮುಗಿಸಿ ಕ್ಲಿನಿಕ್ ಇಟ್ಟಿದ್ದೇನೆ. ಆಲ್ಜಿನೇಟ್ ಪುಡಿಯನ್ನು ನೀರಲ್ಲಿ ಕಲಸಿ ತೆಗೆದ ಬಾಯಿಯ ಅಚ್ಚನ್ನು ಒದ್ದೆ ಹತ್ತಿಯಲ್ಲಿ ಸುತ್ತಿ ಬಸ್ಸಿನಲ್ಲಿ ಹುಬ್ಬಳ್ಳಿಯ ಲ್ಯಾಬಿಗೆ ಕಳಿಸುತ್ತೇನೆ. ತೆಗೆದು-ಹಾಕುವ ಹಲ್ಲು ಬಂದಾಗ ಬಾಯಲ್ಲಿ ಕೂರುವುದಿಲ್ಲ, ಕ್ಯಾಪ್ ಕೂಡ ಹೀಗೇ. ಲ್ಯಾಬ್ ಬದಲಿಸಲೇ?
– ದಂತವೈದ್ಯೆ, ಹಾವೇರಿ

ಉತ್ತರ: ಲ್ಯಾಬ್ ಬದಲಿಸುವ ಮುಂಚೆ ಹತ್ತಿ ಬದಲಿಸಿ. ಆಲ್ಜಿನೇಟಿನ ಬಹುಪಾಲು ನೀರೇ. ಗಾಳಿಗೆ ಬಿಟ್ಟರೆ ನೀರು ಬಿಟ್ಟು ಕುಗ್ಗುತ್ತದೆ, ಒದ್ದೆ ಹತ್ತಿಯಲ್ಲಿ ಸುತ್ತಿದರೆ ನೀರು ಕುಡಿದು ಉಬ್ಬುತ್ತದೆ. ಬಸ್ಸು ಹುಬ್ಬಳ್ಳಿ ಮುಟ್ಟುವ ಹೊತ್ತಿಗೆ ಅದು ನಿಮ್ಮ ರೋಗಿಯ ಬಾಯಿಯ ಅಚ್ಚಾಗಿ ಉಳಿದಿರುವುದಿಲ್ಲ. ಹೊರಗೆ ತೆಗೆದ ಹತ್ತು–ಹದಿನೈದು ನಿಮಿಷದೊಳಗೆ ನಿಮ್ಮಲ್ಲೇ ಸ್ಟೋನ್ (ಗಟ್ಟಿ ಜಿಪ್ಸಮ್ ಪುಡಿಯ ಕಲಸು) ಸುರಿದು ಮಾದರಿ ಮಾಡಿ, ಮಾದರಿಯನ್ನೇ ಕಳಿಸಿ.

ಏಪ್ರಿಲ್ ಬಿಸಿಲಿಗೆ ಟ್ಯಾಂಕಿನ ನೀರು ಕಾದಿರುತ್ತದೆ, ಅದರಲ್ಲಿ ಕಲಸಿದರೆ ಟ್ರೇ ಬಾಯಿಗೆ ಹೋಗುವ ಮೊದಲೇ ಗಟ್ಟಿಯಾಗಲು ಶುರು. ಹೊತ್ತು ಗಳಿಸಲು ಪುಡಿ ಕಡಿಮೆ ಮಾಡುವವರಿದ್ದಾರೆ. ಅಚ್ಚು ಮೆತ್ತಗಾಗಿ ಹರಿಯುತ್ತದೆ. ಅಳತೆ ತಯಾರಕರು ಹೇಳಿದ್ದೇ ಇರಲಿ, ನೀರು ಮಾತ್ರ ಫ್ರಿಜ್ಜಿನಿಂದ ಬರಲಿ. ಗಟ್ಟಿಯಾದ ಮೇಲೂ ಎರಡು ನಿಮಿಷ ಹಿಡಿದಿದ್ದು, ಅಲ್ಲಾಡಿಸದೆ ಒಂದೇ ಎಳೆತಕ್ಕೆ ತೆಗೆಯಿರಿ. ಜೊಲ್ಲು ತೊಳೆದು, ಸೋಂಕು ಕೊಲ್ಲುವ ಹೈಪೊಕ್ಲೋರೈಟ್ ಸಿಂಪಡಿಸಿ ಹತ್ತು ನಿಮಿಷ ಚೀಲದಲ್ಲಿಡಿ, ಮತ್ತೆ ತೊಳೆದು ನೀರು ಝಾಡಿಸಿ ಸುರಿಯಿರಿ. 100 ಗ್ರಾಂ ಡೆಂಟಲ್ ಸ್ಟೋನಿಗೆ ಸುಮಾರು 30 ಮಿಲಿ ನೀರು, ಬಿಳಿ ಪ್ಲಾಸ್ಟರಿಗಾದರೆ 50. ಒಂದು ತುದಿಯಿಂದಲೇ, ವೈಬ್ರೇಟರ್ ಮೇಲಿಟ್ಟು ಹರಿಸಿದರೆ ಗುಳ್ಳೆ ಕೂರುವುದಿಲ್ಲ. ಮುಕ್ಕಾಲರಿಂದ ಒಂದು ಗಂಟೆಗೆ ಬಿಡಿಸಿ. ರಾತ್ರಿಯಿಡೀ ಬಿಟ್ಟರೆ ಮಾದರಿಯ ಮೈ ಸುಣ್ಣದ ಹಾಗೆ ಉದುರುತ್ತದೆ, ಒಣಗಿದ ಆಲ್ಜಿನೇಟಿನಿಂದ ಬಿಡಿಸುವಾಗ ಹಲ್ಲಿನ ತುದಿಯೂ ಮುರಿಯಬಹುದು.

ಕ್ಯಾಪಿಗೆ ಆಲ್ಜಿನೇಟ್ ಸಾಲದು. ರಬ್ಬರಿನಂಥ ಅಚ್ಚು ಕೊಡುವ ಅಡಿಷನ್ ಸಿಲಿಕೋನ್ ಬಳಸಿ, ಅದು ದಿನಗಟ್ಟಲೆ ಅಳತೆ ಬಿಡದೆ ಇರುತ್ತದೆ, ಬಸ್ಸಿಗೂ ಹೆದರುವುದಿಲ್ಲ. ಆದರೆ ಅದರ ಪುಟ್ಟಿಯನ್ನು, ಅಂದರೆ ಹಿಟ್ಟಿನಂಥ ಮುದ್ದೆಯನ್ನು, ಲೇಟೆಕ್ಸ್ ಕೈಗವಸಿನಲ್ಲಿ ನಾದಬೇಡಿ. ಕೈಗವಸಿನೊಳಗಿನ ಗಂಧಕಕ್ಕೆ ಪುಟ್ಟಿ ಗಟ್ಟಿಯಾಗದೆ ಅಂಟಂಟಾಗಿ ಉಳಿಯುತ್ತದೆ. ಕ್ಯಾಪಿಗಾಗಿ ಹಲ್ಲನ್ನು ತೇಯುವ ಮೊದಲೇ ಅದರ ಬಣ್ಣವನ್ನು ಹಗಲ ಬೆಳಕಿನಲ್ಲಿ ಆರಿಸಿ ಚೀಟಿಯಲ್ಲಿ ಬರೆಯಿರಿ. ಒಣಗಿದ ಹಲ್ಲು ಇದ್ದದ್ದಕ್ಕಿಂತ ಬೆಳ್ಳಗೆ ಕಾಣುತ್ತದೆ. ಇಷ್ಟೆಲ್ಲ ಮಾಡಿಯೂ ಕೂರದಿದ್ದರೆ ಆಗ ಲ್ಯಾಬಿನವರನ್ನು ಕೇಳೋಣ.

ಪ್ರಶ್ನೆ: ಹಲ್ಲು ಕಟ್ಟುವ ತಜ್ಞರದೇ ಒಂದು ಸಂಘವಿದೆಯಂತೆ. ಅದರ ಸದಸ್ಯರಾಗಿದ್ದರೆ ನಂಬಿ ಹೋಗಬಹುದೇ? ಕೆಲಸ ಕೆಟ್ಟರೆ ದೂರನ್ನು ಸಂಘಕ್ಕೇ ಕೊಡಬೇಕೇ?
– ನಿವೃತ್ತ ಶಿಕ್ಷಕರು, ಗದಗ

ಉತ್ತರ: ಇದೆ. ಇಂಡಿಯನ್ ಪ್ರಾಸ್ಥೊಡಾಂಟಿಕ್ ಸೊಸೈಟಿ, 1972ರಲ್ಲಿ ಶುರುವಾದದ್ದು. ಪ್ರಾಸ್ಥೊಡಾಂಟಿಕ್ಸ್ ಎಂದರೆ ಹಲ್ಲು ಕಟ್ಟುವ ವಿದ್ಯೆ. ಸಮ್ಮೇಳನ ನಡೆಸುತ್ತದೆ, ತನ್ನದೇ ವೈಜ್ಞಾನಿಕ ಪತ್ರಿಕೆ ತರುತ್ತದೆ. ಆದರೆ ಅದು ವೃತ್ತಿಯವರ ಸಂಘ, ಪರವಾನಗಿ ಕೊಡುವ ಕಚೇರಿಯಲ್ಲ. ಗೋಡೆಯ ಮೇಲೆ ಸದಸ್ಯತ್ವದ ಪ್ರಮಾಣಪತ್ರ ತೂಗಿದ್ದರೆ ಓದಿನ ಆಸಕ್ತಿ ತಿಳಿಯಬಹುದು, ಕೈಗುಣ ತಿಳಿಯುವುದಿಲ್ಲ. ನೀವು ನೋಡಬೇಕಾದದ್ದು ಕರ್ನಾಟಕ ರಾಜ್ಯ ದಂತವೈದ್ಯ ಪರಿಷತ್ತಿನ ನೋಂದಣಿ ಸಂಖ್ಯೆ, ಮತ್ತು ಹೆಸರಿನ ಮುಂದಿನ ಪದವಿ. ಬಿಡಿಎಸ್ ಆದ ಮೇಲೆ ಮೂರು ವರ್ಷ ಪ್ರಾಸ್ಥೊಡಾಂಟಿಕ್ಸ್‌ನಲ್ಲಿ ಎಂಡಿಎಸ್ ಎಂಬ ಉನ್ನತ ಪದವಿ ಓದಿದವರು ಈ ಕೆಲಸದ ತಜ್ಞರು. ಧಾರವಾಡದ ಸತ್ತೂರಿನಲ್ಲಿರುವ, 1986ರಲ್ಲಿ ಆರಂಭವಾದ ಎಸ್‌ಡಿಎಂ ದಂತವೈದ್ಯಕೀಯ ಕಾಲೇಜಿನಲ್ಲಿ ಈ ವಿಭಾಗವಿದೆ.

ಸಾಧಾರಣ ಸೆಟ್ ಬಿಡಿಎಸ್ ವೈದ್ಯರೂ ಚೆನ್ನಾಗಿ ಮಾಡುತ್ತಾರೆ. ಎಲುಬು ಸವೆದ ದವಡೆ, ಕ್ಯಾನ್ಸರಿಗೆ ಅಂಗುಳು ತೆಗೆಸಿಕೊಂಡವರು, ಗುಟ್ಕಾ-ಅಡಿಕೆಯಿಂದ ಎರಡು ಬೆರಳಿನಷ್ಟೂ ಬಾಯಿ ತೆರೆಯಲಾಗದವರು ತಜ್ಞರ ಬಳಿಗೇ ಹೋಗಲಿ. ಯಾರೇ ಆಗಲಿ, ಪೂರ್ತಿ ಸೆಟ್ಟಿಗೆ ಎಷ್ಟು ಸಲ ಬರಬೇಕು ಎಂದು ಕೇಳಿ. ಮೊದಲ ಅಚ್ಚು, ಎರಡನೇ ಅಚ್ಚು, ಕಡಿತದ ಅಳತೆ, ಮೇಣದಲ್ಲಿ ಹಲ್ಲು ಜೋಡಿಸಿ ತೋರಿಸುವುದು, ಕೊನೆಗೆ ಕೂರಿಸುವುದು ಎಂದು ಐದು ಸಲ ಆಗುತ್ತದೆ. ಮೇಣದ ಹಂತದಲ್ಲಿ ಮನೆಯವರೂ ಕನ್ನಡಿ ಹಿಡಿದು ನೋಡಲಿ. ಅಲ್ಲಿ ಹಲ್ಲು ಸರಿಸುವುದು ಸುಲಭ, ಅಕ್ರಿಲಿಕ್ (ಸೆಟ್ಟಿನ ಪ್ಲಾಸ್ಟಿಕ್) ಬೆಂದ ಮೇಲೆ ಕಷ್ಟ. ಒಂದೇ ದಿನಕ್ಕೆ ಕೊಡುತ್ತೇವೆ ಎಂದವರು ಇದರಲ್ಲಿ ಯಾವುದನ್ನು ಬಿಡುತ್ತಾರೆ ಎಂದು ಕೇಳಿ.

ರಸ್ತೆ ಬದಿ ಕೂತು ಅಕ್ಕಪಕ್ಕದ ಹಲ್ಲಿಗೆ ಅಕ್ರಿಲಿಕ್ ಮೆತ್ತಿ, ತಂತಿ ಸುತ್ತಿ ಕಟ್ಟಿಕೊಡುವವರ ಹತ್ತಿರ ಹೋಗಲೇಬೇಡಿ. ತೆಗೆಯಲೂ ಬಾರದ, ತೊಳೆಯಲೂ ಬಾರದ ಆ ಹಲ್ಲಿನಡಿ ವಸಡು ಕೊಳೆತು ಗಟ್ಟಿಮುಟ್ಟಾದ ಪಕ್ಕದ ಹಲ್ಲೂ ಹೋಗುತ್ತದೆ.

ಕೆಲಸ ಕೆಟ್ಟರೆ ಮೊದಲು ಮಾಡಿದವರಿಗೇ ಬರೆದು ಕೊಡಿ. ಆಗದಿದ್ದರೆ ಬೆಂಗಳೂರಿನಲ್ಲಿರುವ ರಾಜ್ಯ ದಂತವೈದ್ಯ ಪರಿಷತ್ತು, ದುಡ್ಡಿನ ವಿಚಾರಕ್ಕೆ ಜಿಲ್ಲಾ ಗ್ರಾಹಕರ ಆಯೋಗ. ಆಯೋಗಕ್ಕೆ ಎರಡು ವರ್ಷದ ಗಡುವಿದೆ. ಬಿಲ್ಲು, ಎಕ್ಸ್-ರೇ, ಮುಖ್ಯವಾಗಿ ಕೂರದ ಆ ಸೆಟ್ಟು ಜೋಪಾನವಾಗಿರಲಿ. ಸಿಟ್ಟಿಗೆ ಎಸೆದವರ ಕೈಯಲ್ಲಿ ತೋರಿಸಲು ಏನೂ ಉಳಿಯುವುದಿಲ್ಲ.

ಪ್ರಶ್ನೆ: ಅಜ್ಜನ ಮೇಲಿನ ಸೆಟ್ ತೊಳೆಯುವಾಗ ಬಿದ್ದು ನಡುವೆ ಎರಡಾಯಿತು. ಹೋದ ವರ್ಷವೂ ಅಲ್ಲೇ ಸೀಳಿತ್ತು. ಫೆವಿಕ್ವಿಕ್ ಹಾಕಬಹುದೇ?
– ಓದುಗರು, ರಾಣೆಬೆನ್ನೂರು

ಉತ್ತರ: ಬೇಡ. ಅದು ಬಾಯಲ್ಲಿಡುವ ಅಂಟಲ್ಲ. ತುಂಡುಗಳು ಕೂದಲೆಳೆ ಆಚೀಚೆ ಕೂತರೂ ಸೆಟ್ ಕೂರದು, ಅಂಟು ಒಣಗಿದ ಅಂಚನ್ನು ಲ್ಯಾಬಿನವರು ಮತ್ತೆ ಹೊಂದಿಸಲೂ ಆಗದು. ಚೂರು ಸಹಿತ ಎಲ್ಲ ತುಂಡನ್ನೂ ಡಬ್ಬಿಯಲ್ಲಿ ಹಾಕಿ ತನ್ನಿ. ಎರಡು ಸಲವೂ ನಡುವೆಯೇ ಸೀಳಿದ್ದರೆ ಬಿದ್ದದ್ದೊಂದೇ ಕಾರಣವಿರಲಾರದು. ಎರಡೂ ಬದಿಯ ದಿಬ್ಬ ಸವೆದು, ಗಟ್ಟಿ ಅಂಗುಳಿನ ಮೇಲೆ ಸೆಟ್ ತಕ್ಕಡಿಯ ಹಾಗೆ ಆಡುತ್ತ ಅಗಿದಾಗಲೆಲ್ಲ ಬಾಗುತ್ತಿರಬೇಕು. ಬೆಸುಗೆಯ ಜೊತೆ ರಿಲೈನಿಂಗ್ ಆಗದಿದ್ದರೆ ಮೂರನೇ ಸಲವೂ ಅಲ್ಲೇ ಸೀಳುತ್ತದೆ.

ತೊಳೆಯುವಾಗ ಕೆಳಗೆ ಅರ್ಧ ಬೋಗುಣಿ ನೀರಿಟ್ಟುಕೊಳ್ಳಲಿ. ಮೆತ್ತನೆ ಬ್ರಷ್ಷು, ಸೋಪು ಸಾಕು. ಟೂತ್‌ಪೇಸ್ಟ್ ಗೀರು ಹಾಕುತ್ತದೆ, ಕುದಿ ನೀರಿಗೆ ಸೆಟ್ ಸೊಟ್ಟಗಾಗುತ್ತದೆ. ರಾತ್ರಿ ಕಳಚಿ ತಣ್ಣೀರಲ್ಲಿಡಲಿ.