ಬೈಪೋಲಾರ್ ಇರುವ ತಂಗಿಗೆ ಪರೀಕ್ಷೆಯಲ್ಲಿ ಹೆಚ್ಚಿನ ಸಮಯ: ಯಾವ ಕಾಗದ ಬೇಕು?

ಅಕ್ಕಾರೆ, ಬೆಳಗಾವಿಯಲ್ಲಿ ಓದೋ ನಿಮ್ಮ ತಂಗಿಗೆ ಬೈಪೋಲಾರ್ (ಮನಸ್ಥಿತಿ ವಿಪರೀತ ಏರಿಳಿಯೋ ಮಾನಸಿಕ ಕಾಯಿಲೆ) ಇದೆ, ಔಷಧಿ ಚೀಟಿ ತೋರಿಸಿದರೂ ಕಾಲೇಜಿನವರು ಹೆಚ್ಚಿನ ಸಮಯ ಕೊಡ್ತಿಲ್ಲ ಅಂದಿದ್ದೀರಿ. ಓದಿ ಬೇಜಾರಾಯ್ತು. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ ಮಾನಸಿಕ ಕಾಯಿಲೆಯೂ ಸೇರಿದೆ. ಅವಳು ಕೇಳ್ತಿರೋದು ಹಕ್ಕು, ಉಪಕಾರ ಅಲ್ಲ.

ಔಷಧಿ ಚೀಟಿಯಲ್ಲಿ ಮಾತ್ರೆ ಹೆಸರು ಬಿಟ್ಟರೆ ಏನಿರುತ್ತೆ ಹೇಳಿ? ಮನೋವೈದ್ಯರ ಹತ್ತಿರ ಲೆಟರ್‌ಹೆಡ್‌ನಲ್ಲಿ ಪತ್ರ ಕೇಳಿ. ಕಾಯಿಲೆ ಯಾವುದು, ಯಾವಾಗಿಂದ ಚಿಕಿತ್ಸೆ, ಓದಿಗೆ ಏನು ತೊಂದರೆ ಅಂತ ಇರಲಿ. ‘ಮಾತ್ರೆಯಿಂದ ಬೆಳಿಗ್ಗೆ ಮಂಪರು ಇರುತ್ತದೆ, ಬರೆಯುವ ವೇಗ ಕಡಿಮೆಯಾಗಿದೆ, ಹೆಚ್ಚಿನ ಸಮಯ ಬೇಕು’ ಅಂತ ಬಿಡಿಸಿ ಬರೆಸಿ. ‘ಚಿಕಿತ್ಸೆಯಲ್ಲಿದ್ದಾಳೆ’ ಅಂತ ಒಂದೇ ಸಾಲು ಬರೆದರೆ ಸುಮ್ನೆ ಫೈಲಿಗೆ ಸೇರುತ್ತೆ ಅಷ್ಟೆ.

ಜೊತೆಗೆ ಯುಡಿಐಡಿ ಕಾರ್ಡ್, ಅಂದ್ರೆ ಅಂಗವಿಕಲರಿಗೆ ಸರ್ಕಾರ ಕೊಡೋ ಗುರುತಿನ ಚೀಟಿ, ಮಾಡಿಸಿ. ಅದಕ್ಕಾಗಿ ಇರೋ ಸರ್ಕಾರದ ಸ್ವಾವಲಂಬನ್ ಪೋರ್ಟಲ್‌ನಲ್ಲಿ ಅರ್ಜಿ ಹಾಕಿದರೆ ಸರ್ಕಾರಿ ಆಸ್ಪತ್ರೆಯಲ್ಲಿ ತಪಾಸಣೆ ಆಗುತ್ತೆ. ಹಳೇ ಚೀಟಿ, ಡಿಸ್ಚಾರ್ಜ್ ಕಾಗದ ಎಲ್ಲಾ ತಗೊಂಡು ಹೋಗಿ. ಮಾನಸಿಕ ಕಾಯಿಲೆಯಿಂದ ಆಗೋ ಅಂಗವೈಕಲ್ಯ ಅಳೆಯೋ ಐಡಿಯಾಸ್ ಅನ್ನೋ ಅಳತೆಯಲ್ಲಿ ಸ್ವಂತ ಆರೈಕೆ, ಜನರ ಜೊತೆ ಒಡನಾಟ, ಮಾತು ಮತ್ತು ತಿಳಿವಳಿಕೆ, ಕೆಲಸ ಇವನ್ನು ನೋಡ್ತಾರೆ. ಕಾಯಿಲೆ ಎಷ್ಟು ವರ್ಷದ್ದು ಅನ್ನೋದೂ ಲೆಕ್ಕಕ್ಕೆ ಬರುತ್ತೆ. ಅವಳು ಚೆನ್ನಾಗಿರೋ ದಿನದ ಕಥೆಯನ್ನಷ್ಟೇ ಹೇಳಬೇಡಿ. ಮನೆಯವರು ಜೊತೆಗಿರಿ.

ಈ ತಪಾಸಣೆಯಲ್ಲಿ ಅಂಗವೈಕಲ್ಯ ಶೇಕಡಾ 40ಕ್ಕಿಂತ ಕಡಿಮೆ ಬಂದರೆ ಸೀಟು, ಉದ್ಯೋಗದ ಮೀಸಲಾತಿ ಸಿಗಲ್ಲ. ಆದರೆ ಪರೀಕ್ಷೆಯ ಅನುಕೂಲಕ್ಕೆ 40 ಇರಲೇಬೇಕು ಅಂತಿಲ್ಲ, 2021ರಲ್ಲಿ ಸುಪ್ರೀಂ ಕೋರ್ಟ್ ವಿಕಾಸ್ ಕುಮಾರ್ ಪ್ರಕರಣದಲ್ಲಿ ಇದನ್ನೇ ಹೇಳಿದೆ. ಹೆಚ್ಚಿನ ಸಮಯ ಕೇಳಿ ಕಾಲೇಜಿಗೆ ಕೊಡೋ ಅರ್ಜಿಯಲ್ಲಿ ಆ ತೀರ್ಪಿನ ಹೆಸರು ಹಾಕಿ. ಪರೀಕ್ಷೆ ಹತ್ತಿರ ಬರೋವರೆಗೂ ಕಾಯಬೇಡಿ, ಪ್ರಿನ್ಸಿಪಾಲರಿಗೆ ಈಗಲೇ ಕೊಟ್ಟು ನಿಮ್ಮ ಪ್ರತಿ ಮೇಲೆ ಸೀಲು, ತಾರೀಖು ಹಾಕಿಸಿಕೊಳ್ಳಿ.